ನವೀಕರಿಸಬಹುದಾದ ಶಕ್ತಿಯ ರಾಷ್ಟ್ರಗಣನೆಯೂ ರಾಯಚೂರು ಸೀಮೆಯೂ

ಭಾರತದೇಶವು ತನ್ನ ವಿದ್ಯುಚ್ಛಕ್ತಿಯಲ್ಲಿ ಎಷ್ಟು ಪಾಲನ್ನು ಬಿಸಿಲು, ಗಾಳಿ, ನೀರು, ಬೆಳೆಯ ಶೇಷ ಮೊದಲಾದುವುಗಳಿಂದ ಪಡೆಯುತ್ತದೆಂಬ ಪ್ರಶ್ನೆಗೆ ಒಂದೇ ಉತ್ತರವಿರಬೇಕೆಂದು ತೋರುವುದು ಸಹಜ. ಆದರೆ ೨೦೨೩-೨೪ನೆಯ ಸಾಲಿನ ಅಧಿಕೃತ ಅಂಕಿಗಳನ್ನೇ ಮುಂದಿಟ್ಟುಕೊಂಡು ನೋಡಿದರೆ ನೂರಕ್ಕೆ ೧೩, ೨೧, ೩೩, ೪೩ ಎಂಬ ನಾಲ್ಕು ಉತ್ತರಗಳು ದೊರೆಯುವುವು. ನಾಲ್ಕೂ ಸರಿಯಾದುವೇ. ಅವುಗಳಲ್ಲಿ ಒಂದೊಂದೂ ಬೇರೆ ಬೇರೆ ವಸ್ತುವನ್ನು ಎಣಿಸಿರುವುದೇ ಈ ಭೇದಕ್ಕೆ ಕಾರಣ. ಎಣಿಸಿದ್ದೇನೆಂಬುದನ್ನು ವಿಚಾರಿಸದೆ ಅಂಕಿಯನ್ನು ಮಾತ್ರ ಎತ್ತಿ ಹೇಳುವ ಅಭ್ಯಾಸವು ಪತ್ರಿಕೆಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಬಲವಾಗಿರುವುದರಿಂದ, ಈ ಗಣನೆಯ ಕ್ರಮವನ್ನು ಒಂದು ಸೀಮೆಯ ನಿದರ್ಶನದಿಂದ ತಿಳಿಯುವುದು ಯುಕ್ತವಾಗಿದೆ. ರಾಯಚೂರು, ದೇವದುರ್ಗ, ಮಾನ್ವಿ ಈ ಮೂರು ತಾಲ್ಲೂಕುಗಳಲ್ಲಿ ಕಲ್ಲಿದ್ದಲು, ಕಾಲುವೆಯ ನೀರು, ಬಿಸಿಲು, ಹೊಲದ ಕಟ್ಟಿಗೆ ಇವೆಲ್ಲವೂ ಅಕ್ಕಪಕ್ಕದಲ್ಲಿಯೇ ಕಾಣಸಿಗುವುದರಿಂದ ಆ ಸೀಮೆಯು ಇದಕ್ಕೆ ವಿಶೇಷವಾಗಿ ಒದಗಿಬರುತ್ತದೆ.

೧. ಪದವೂ ಅದರ ಮೇರೆಯೂ

ಮೊದಲು ಹೆಸರಿನ ವಿಚಾರ. ರಾಜ್ಯದ ಸಂಸ್ಥೆಯಾದ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತದ ಹೆಸರಿನಲ್ಲಿರುವ ಪದವೇ ಈಗ ಕನ್ನಡದಲ್ಲಿ ರೂಢವಾಗಿದೆ. ಹಿಂದಿಯ ಬಳಕೆಯನ್ನು ಅನುಸರಿಸಿ 'ಅಕ್ಷಯ ಶಕ್ತಿ' ಎಂಬ ಪದವೂ ಪ್ರಚಾರದಲ್ಲುಂಟು. ಎರಡನ್ನೂ ಪರ್ಯಾಯವೆಂದು ಬಗೆಯುವುದು ಸರಿಯಲ್ಲ. ಎಷ್ಟು ತೆಗೆದರೂ ಕಡಮೆಯಾಗದುದು ಅಕ್ಷಯ. ಖರ್ಚಾದಷ್ಟು ಪ್ರಕೃತಿಕ್ರಮದಲ್ಲಿ ಮತ್ತೆ ತುಂಬಿಬರುವುದು ನವೀಕರಿಸಬಹುದಾದುದು. ಮೊದಲನೆಯದಕ್ಕೆ ದ್ರೌಪದಿಯ ಪಾತ್ರೆಯನ್ನು ಹೋಲಿಸಬಹುದು. ಎರಡನೆಯದಕ್ಕೆ ಊರ ಕೆರೆಯನ್ನು ಹೋಲಿಸಬೇಕು. ಕೆರೆ ತುಂಬುವುದು ಮಳೆ ಬಂದಾಗ ಮಾತ್ರ.

ಇನ್ನು ಪದದ ಮೇರೆ. ಭಾರತದ ಲೆಕ್ಕದಲ್ಲಿ ೨೫ ಮೆಗಾವಾಟ್ ಮೀರದ ಜಲವಿದ್ಯುತ್ ಕೇಂದ್ರಗಳಿಗೆ 'ಸಣ್ಣ ಜಲವಿದ್ಯುತ್' ಎಂದು ಹೆಸರು. ಬಹುಕಾಲ ಇವು ಮಾತ್ರ ನವೀಕರಿಸಬಹುದಾದ ವರ್ಗದಲ್ಲಿ ಸೇರಿದ್ದುವು. ೧,೦೩೫ ಮೆಗಾವಾಟ್ ಸಾಮರ್ಥ್ಯದ ಶರಾವತಿ ಕೇಂದ್ರವು ಮಳೆಯ ನೀರಿನಿಂದಲೇ ನಡೆಯುವುದಾದರೂ ಆ ಪಂಕ್ತಿಯ ಹೊರಗೆ ಇತ್ತು. ೨೦೧೯ನೆಯ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರಕಾರವು ದೊಡ್ಡ ಜಲವಿದ್ಯುತ್ತನ್ನೂ ನವೀಕರಿಸಬಹುದಾದುದೆಂದು ಸಾರಿತು. ಅಂದು ಯಾವ ಹೊಸ ಯಂತ್ರವೂ ತಿರುಗಲಿಲ್ಲ, ಯಾವ ಹೊಸ ಅಣೆಕಟ್ಟೂ ಏಳಲಿಲ್ಲ. ಆದರೂ ದೇಶದ ನವೀಕರಿಸಬಹುದಾದ ಸಾಮರ್ಥ್ಯವು ೪೫,೦೦೦ ಮೆಗಾವಾಟ್‌ಗಳಷ್ಟು ಹೆಚ್ಚಿದಂತೆ ಎಣಿಸಲು ಅವಕಾಶವಾಯಿತು. ಹೀಗಿರುವಲ್ಲಿ ೨೦೧೯ಕ್ಕೆ ಹಿಂದಿನ ಅಂಕಿಯನ್ನೂ ಅನಂತರದ ಅಂಕಿಯನ್ನೂ ಒಂದೇ ಸಾಲಿನಲ್ಲಿಟ್ಟು ಪ್ರಗತಿಯನ್ನು ಅಳೆಯುವವರು ಮೊದಲು ಈ ಮೇರೆಯನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ.

'ಪಳೆಯುಳಿಕೆಯೇತರ' ಎಂಬುದು ಮತ್ತೊಂದು ವರ್ಗ. ಇದರಲ್ಲಿ ಪರಮಾಣು ವಿದ್ಯುತ್ತೂ ಸೇರುತ್ತದೆ. ೨೦೨೫ನೆಯ ಜೂನ್ ಅಂತ್ಯಕ್ಕೆ ಭಾರತದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಪಾಲು ಪಳೆಯುಳಿಕೆಯೇತರವಾಯಿತೆಂದು ಸರಕಾರವು ಪ್ರಕಟಿಸಿದುದು ಈ ವರ್ಗವನ್ನು ಕುರಿತು. ಅದನ್ನು 'ದೇಶದ ಅರ್ಧ ವಿದ್ಯುತ್ತು ಬಿಸಿಲು ಗಾಳಿಗಳಿಂದ ಬರುತ್ತದೆ' ಎಂದು ಅನುವಾದಿಸಿದರೆ ಒಂದೇ ವಾಕ್ಯದಲ್ಲಿ ಎರಡು ತಪ್ಪುಗಳಾಗುವುವು. ಒಂದು ವರ್ಗದ ತಪ್ಪು. ಇನ್ನೊಂದು ಸಾಮರ್ಥ್ಯವನ್ನು ಉತ್ಪಾದನೆಯೆಂದು ತಿಳಿದ ತಪ್ಪು.

೨. ಸಾಮರ್ಥ್ಯ ಮತ್ತು ಉತ್ಪಾದನೆ

ಸ್ಥಾಪಿತ ಸಾಮರ್ಥ್ಯವೆಂಬುದು ಯಂತ್ರವು ಪೂರ್ಣವಾಗಿ ನಡೆದಾಗ ಕೊಡಬಲ್ಲ ಶಕ್ತಿಯ ಪ್ರಮಾಣ; ಇದನ್ನು ಕಿಲೋವಾಟ್, ಮೆಗಾವಾಟ್‌ಗಳಲ್ಲಿ ಹೇಳುವರು. ಉತ್ಪಾದನೆಯೆಂಬುದು ಅದು ನಿಜವಾಗಿ ಕೊಟ್ಟ ವಿದ್ಯುತ್ತು. ಇದರ ಅಳತೆ ಯೂನಿಟ್, ಅಂದರೆ ಒಂದು ಕಿಲೋವಾಟ್ ಶಕ್ತಿಯು ಒಂದು ಗಂಟೆಯ ಕಾಲ ನಡೆದುದರ ಮೊತ್ತ. ಎತ್ತಿನ ಗಾಡಿಯಲ್ಲಿ ಎಷ್ಟು ಚೀಲ ಹಿಡಿಯುವುದೆಂಬುದು ಮೊದಲನೆಯದು; ವರ್ಷದಲ್ಲಿ ಆ ಗಾಡಿ ಎಷ್ಟು ಚೀಲ ಹೊತ್ತಿತೆಂಬುದು ಎರಡನೆಯದು.

೨೦೨೪ನೆಯ ಮಾರ್ಚ್ ೩೧ರಂದು ಭಾರತದ ಒಟ್ಟು ಸ್ಥಾಪಿತ ಸಾಮರ್ಥ್ಯವು ಸುಮಾರು ೪.೪೨ ಲಕ್ಷ ಮೆಗಾವಾಟ್. ಇದರಲ್ಲಿ ದೊಡ್ಡ ಜಲವಿದ್ಯುತ್ತನ್ನು ಬಿಟ್ಟು ಉಳಿದ ನವೀಕರಿಸಬಹುದಾದ ಮೂಲಗಳ ಪಾಲು ೧.೪೪ ಲಕ್ಷ ಮೆಗಾವಾಟ್. ದೊಡ್ಡ ಜಲವಿದ್ಯುತ್ತನ್ನು ಸೇರಿಸಿದರೆ ೧.೯೧ ಲಕ್ಷ. ಮೇಲೆ ಹೇಳಿದ ೩೩ ಮತ್ತು ೪೩ ಎಂಬ ಉತ್ತರಗಳು ಹೀಗೆ ಹುಟ್ಟಿದುವು. ಅದೇ ಸಾಲಿನಲ್ಲಿ ಒಟ್ಟು ಉತ್ಪಾದನೆಯು ಸುಮಾರು ೧,೭೪,೦೦೦ ಕೋಟಿ ಯೂನಿಟ್. ಅದರಲ್ಲಿ ದೊಡ್ಡ ಜಲವಿದ್ಯುತ್ತನ್ನು ಬಿಟ್ಟ ನವೀಕರಿಸಬಹುದಾದ ಮೂಲಗಳಿಂದ ಬಂದುದು ಸುಮಾರು ೨೨,೬೦೦ ಕೋಟಿ, ಅದನ್ನು ಸೇರಿಸಿಕೊಂಡರೆ ಸುಮಾರು ೩೬,೦೦೦ ಕೋಟಿ. ೧೩ ಮತ್ತು ೨೧ ಎಂಬ ಉತ್ತರಗಳಿಗೆ ಇದೇ ಆಧಾರ.

ಈ ಅಂತರಕ್ಕೆ ಕಾರಣವು ಸ್ಪಷ್ಟವಾಗಿದೆ. ಬಿಸಿಲಿನ ಯಂತ್ರಕ್ಕೆ ರಾತ್ರಿಯಿಲ್ಲ, ಮೋಡದ ದಿನವಿಲ್ಲ. ಅದು ವರ್ಷದ ಒಟ್ಟು ಗಂಟೆಗಳಲ್ಲಿ ಸರಾಸರಿ ಆರನೆಯ ಒಂದು ಪಾಲಿನಷ್ಟು ಕಾಲ ಪೂರ್ಣವಾಗಿ ನಡೆದಷ್ಟು ಮಾತ್ರ ಫಲ ಕೊಡುತ್ತದೆ. ಕಲ್ಲಿದ್ದಲ ಕೇಂದ್ರಗಳಾದರೋ ಆ ಸಾಲಿನಲ್ಲಿ ದೇಶದ ಸರಾಸರಿಯಾಗಿ ನೂರಕ್ಕೆ ೬೯ರಷ್ಟು ನಡೆದುವು. ಕರ್ನಾಟಕ ವಿದ್ಯುತ್ ನಿಗಮವು ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯಲ್ಲಿ ೩ ಮೆಗಾವಾಟ್‌ನ ಬಿಸಿಲು ವಿದ್ಯುತ್ ಕೇಂದ್ರವನ್ನು ಸ್ಥಾಪಿಸಿತು. ಮೇಲಿನ ಸರಾಸರಿಯಂತೆ ಗಣಿಸಿದರೆ ಅಂಥ ಕೇಂದ್ರದಿಂದ ವರ್ಷಕ್ಕೆ ಸುಮಾರು ೪೪ ಲಕ್ಷ ಯೂನಿಟ್ ನಿರೀಕ್ಷಿಸಬಹುದು; ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲ ಯಂತ್ರದಿಂದ ಸುಮಾರು ೧೮೧ ಲಕ್ಷ. ಸಾಮರ್ಥ್ಯದ ಪಟ್ಟಿಯಲ್ಲಿ ಮಾತ್ರ ಎರಡಕ್ಕೂ '೩ ಮೆಗಾವಾಟ್' ಎಂಬ ಒಂದೇ ಅಂಕಿ ಬೀಳುವುದು.

೩. ಶಕ್ತಿನಗರವೂ ಕಾಲುವೆಯೂ

ಕರ್ನಾಟಕದ ವಿದ್ಯುತ್ತಿನ ಇತಿಹಾಸವು ನೀರಿನಿಂದ ಪ್ರಾರಂಭವಾಯಿತು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಂದಿನಿಂದ ೧೯೮೫ರವರೆಗೆ ರಾಜ್ಯವು ಬಹುಮಟ್ಟಿಗೆ ಜಲಶಕ್ತಿಯನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಜಲಾಶಯಗಳು ತುಂಬದೆ ವಿದ್ಯುತ್ತಿನ ಕ್ಷಾಮವುಂಟಾಗುತ್ತಿದ್ದುದೇ ಕಲ್ಲಿದ್ದಲ ಕಡೆಗೆ ತಿರುಗಲು ಮುಖ್ಯ ಕಾರಣವಾಯಿತು. ೧೯೮೫ರಲ್ಲಿ ಕೃಷ್ಣಾನದಿಯ ದಡದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕವು ನಡೆಯತೊಡಗಿತು. ೨೦೧೦ರಲ್ಲಿ ಎಂಟನೆಯ ಘಟಕವು ಸೇರಿ ಅದರ ಸಾಮರ್ಥ್ಯವು ೧,೭೨೦ ಮೆಗಾವಾಟ್ ಆಯಿತು. ಅನಂತರ ನಗರದ ಬಳಿಯ ಯರಮರಸ್‌ನಲ್ಲಿ ೮೦೦ ಮೆಗಾವಾಟ್‌ನ ಎರಡು ಘಟಕಗಳು ಸ್ಥಾಪಿತವಾದುವು.

ಇದೇ ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಇಳಿಯುವ ಸ್ಥಳಗಳಲ್ಲಿ ನಿಗಮವು ಕಿರು ಜಲವಿದ್ಯುತ್ ಕೇಂದ್ರಗಳನ್ನು ಕಟ್ಟಿತು. ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಸಿರವಾರದಲ್ಲಿ ೧,೦೦೦ ಕಿಲೋವಾಟ್, ರಾಯಚೂರು ತಾಲ್ಲೂಕಿನ ಕಲ್ಮಲದಲ್ಲಿ ೪೦೦, ದೇವದುರ್ಗ ತಾಲ್ಲೂಕಿನ ಗಣೇಕಲ್ಲಿನಲ್ಲಿ ೩೫೦. ಮೂರನ್ನೂ ಕೂಡಿದರೆ ೧.೭೫ ಮೆಗಾವಾಟ್; ಶಕ್ತಿನಗರದ ಸಾಮರ್ಥ್ಯದಲ್ಲಿ ಸುಮಾರು ಸಾವಿರದ ಒಂದು ಭಾಗ.

ಪ್ರಮಾಣವು ಅಲ್ಪವೆಂದು ಇವನ್ನು ಕಡೆಗಣಿಸಲಾಗದು. ನವೀಕರಣವೆಂಬುದರ ಅರ್ಥವು ಇಲ್ಲಿಯೇ ಚೆನ್ನಾಗಿ ತಿಳಿಯುತ್ತದೆ. ಕಾಲುವೆಯ ಯಂತ್ರವು ನೀರನ್ನು ಉಪಯೋಗಿಸುವುದೇ ಹೊರತು ಖರ್ಚುಮಾಡುವುದಿಲ್ಲ. ಯಂತ್ರವನ್ನು ತಿರುಗಿಸಿದ ನೀರು ಮುಂದೆ ಗದ್ದೆಗೆ ಹೋಗುತ್ತದೆ. ಆದರೆ ಕಾಲುವೆಗೆ ನೀರು ಬಿಡುವುದು ಬೆಳೆಯ ಕಾಲಕ್ಕೇ ಹೊರತು ಯಂತ್ರದ ಕಾಲಕ್ಕಲ್ಲ. ಈ ಕಾಲುವೆಯು ೨೨೭ ಕಿಲೋಮೀಟರು ಉದ್ದವಾಗಿ ರಾಯಚೂರು ತಾಲ್ಲೂಕಿನಲ್ಲಿ ಮುಗಿಯುತ್ತದೆ. ಮೇಲ್ಭಾಗದಲ್ಲಿ ಭತ್ತಕ್ಕೆ ಹೆಚ್ಚು ನೀರು ಸೆಳೆದಾಗ ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ರೈತರು ನೀರಿಗಾಗಿ ಕಾದಿರಬೇಕಾಗುತ್ತದೆ. ಅವರೊಡನೆ ಯಂತ್ರವೂ ಕಾಯುತ್ತದೆ. ಅಲ್ಲದೆ ತುಂಗಭದ್ರಾ ಜಲಾಶಯದ ಮೂಲ ಸಂಗ್ರಹವು ಸುಮಾರು ೧೩೩ ಟಿಎಂಸಿ ಇದ್ದುದು ಹೂಳಿನಿಂದ ಸುಮಾರು ೧೦೫ ಟಿಎಂಸಿಗೆ ಇಳಿದಿದೆ. ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ಗೇಟು ಕೊಚ್ಚಿಹೋಗಿ ಸಂಗ್ರಹದ ಒಂದು ಭಾಗವು ನದಿಗೆ ಹರಿಯಿತು. ಮಳೆಯು ವರ್ಷವರ್ಷವೂ ಬರಬಹುದು. ಅದನ್ನು ಹಿಡಿದಿಡುವ ಪಾತ್ರೆಯು ಸವೆಯುತ್ತದೆ. ಆದಕಾರಣ 'ಅಕ್ಷಯ' ಎಂಬ ಪದವು ಇಲ್ಲಿ ಒಪ್ಪುವಂತಿಲ್ಲ.

೪. ಬಳಕೆಯ ಲೆಕ್ಕ

ಉತ್ಪಾದನೆಯನ್ನು ಕೇಂದ್ರದ ಮೀಟರಿನಿಂದ ಓದಬಹುದು. ಬಳಕೆಯ ಲೆಕ್ಕವು ಅಷ್ಟು ಸುಲಭವಲ್ಲ. ಶಕ್ತಿನಗರದ ವಿದ್ಯುತ್ತು ರಾಜ್ಯದ ಜಾಲಕ್ಕೆ ಸೇರಿ ಎಲ್ಲ ಮೂಲಗಳ ವಿದ್ಯುತ್ತಿನೊಡನೆ ಬೆರೆಯುತ್ತದೆ. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಉಪಯೋಗಿಸಿದ ಯೂನಿಟ್ಟು ಕಲ್ಲಿದ್ದಲಿನದೋ ಪಾವಗಡದ ಬಿಸಿಲಿನದೋ ಎಂದು ಬೇರ್ಪಡಿಸಿ ತೋರಿಸಲಾಗದು. 'ನವೀಕರಿಸಬಹುದಾದ ಬಳಕೆ' ಎಂಬುದು ಖರೀದಿಯ ಕರಾರು, ಪ್ರಮಾಣಪತ್ರಗಳಿಂದ ನಿರ್ಣಯವಾಗುವ ಲೆಕ್ಕವೇ ಹೊರತು ತಂತಿಯಲ್ಲಿ ಅಳೆದದ್ದಲ್ಲ. ಅದೂ ಅಲ್ಲದೆ ಸಾಗಣೆ, ವಿತರಣೆಗಳಲ್ಲಿ ದೇಶದ ಸರಾಸರಿಯಾಗಿ ಆರನೆಯ ಒಂದು ಪಾಲಿನಷ್ಟು ವಿದ್ಯುತ್ತು ಗ್ರಾಹಕನನ್ನು ಮುಟ್ಟುವುದೇ ಇಲ್ಲ.

ನೀರಾವರಿ ಪಂಪುಸೆಟ್ಟುಗಳ ಬಳಕೆಯು ಇನ್ನೂ ಅನಿಶ್ಚಿತ. ಕರ್ನಾಟಕದಲ್ಲಿ ೧೦ ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಅವುಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. ಆದುದರಿಂದ ಕೆಲವು ತಂತಿಮಾರ್ಗಗಳ ಮಾದರಿಯನ್ನು ಅಳೆದು ಒಟ್ಟನ್ನು ಅಂದಾಜು ಮಾಡುವರು. ಈ ಅಂದಾಜು ಏರಿದರೆ ಸೋರಿಕೆಯ ಅಂಕಿ ಇಳಿಯುತ್ತದೆ. ಅಂದಾಜು ಇಳಿದರೆ ಸೋರಿಕೆ ಏರುತ್ತದೆ. ಸರಕಾರವು ಕೊಡಬೇಕಾದ ಸಹಾಯಧನವೂ ಇದನ್ನೇ ಅವಲಂಬಿಸಿರುವುದರಿಂದ, ಅಂಕಿಯೊಂದರ ಅನಿಶ್ಚಯವು ಕೋಟಿಗಟ್ಟಲೆ ರೂಪಾಯಿಗಳ ಪ್ರಶ್ನೆಯಾಗುತ್ತದೆ.

೫. ಪಟ್ಟಿಯ ಹೊರಗೆ ಉಳಿದುದು

ಇಲ್ಲಿಯವರೆಗೆ ಹೇಳಿದುದೆಲ್ಲ ವಿದ್ಯುತ್ತಿನ ಮಾತು. ಶಕ್ತಿಯೆಂದರೆ ವಿದ್ಯುತ್ತು ಮಾತ್ರವಲ್ಲ. ದೇವದುರ್ಗ, ಮಾನ್ವಿಗಳ ಕಪ್ಪುನೆಲದ ಹೊಲಗಳಲ್ಲಿ ಹತ್ತಿ, ತೊಗರಿಗಳನ್ನು ಬಿಡಿಸಿಕೊಂಡ ಮೇಲೆ ಉಳಿಯುವ ಕಟ್ಟಿಗೆಯನ್ನು ಹೊರೆಕಟ್ಟಿ ಮನೆಗೆ ತಂದು ಒಲೆಗೆ ಇಡುವುದು ಹಳೆಯ ರೂಢಿ. ಕುಳ್ಳು ಕೂಡ ಹಾಗೆಯೇ. ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಉರುವಲಾಗುತ್ತದೆ. ಹತ್ತಿ, ತೊಗರಿ, ಭತ್ತಗಳು ವರ್ಷವರ್ಷವೂ ಬೆಳೆಯುವುದರಿಂದ ನವೀಕರಣದ ಲಕ್ಷಣಕ್ಕೆ ಇವಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಆದರೂ ವಿದ್ಯುತ್ತಾಗಿ ಮಾರ್ಪಡದ, ಪೇಟೆಯಲ್ಲಿ ಮಾರಾಟವಾಗದ ಈ ಉರಿಯು ರಾಷ್ಟ್ರದ ಮುಖ್ಯ ಕೋಷ್ಟಕಗಳಲ್ಲಿ ಕಾಣುವುದಿಲ್ಲ. ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯು ಜೈವಿಕ ಇಂಧನವನ್ನು ಗಣಿಸುವುದು. ಅದರ ಲೆಕ್ಕದಲ್ಲಿ ಭಾರತದ ಒಟ್ಟು ಶಕ್ತಿಯ ಸುಮಾರು ಐದನೆಯ ಒಂದು ಪಾಲು ಇದೇ ಆಗಿದೆ. ಹೊಗೆಯಿಂದ ಕಣ್ಣು ಶ್ವಾಸಗಳಿಗಾಗುವ ಕೇಡನ್ನು ನೋಡಿದರೆ ಈ ಬಳಕೆಯು ಹೀಗೆಯೇ ಉಳಿಯಬೇಕೆಂದು ಯಾರೂ ಹೇಳಲಾರರು. ಆದರೆ ಎಣಿಸದೆ ಬಿಟ್ಟುದನ್ನು ಇಲ್ಲವೆಂದು ತಿಳಿದರೆ, ಹೊರೆ ಹೊರುವ ಹೆಂಗಸಿನ ಶ್ರಮವೂ ಆ ಹೊಗೆಯೂ ಇಲ್ಲವೆಂದಂತಾಗುತ್ತದೆ.

ಇದಕ್ಕೆ ಪ್ರತಿಯಾದ ಇನ್ನೊಂದು ಲೋಪವೂ ಉಂಟು. ಕೋಷ್ಟಕಗಳು ಸಾಮಾನ್ಯವಾಗಿ ರಾಜ್ಯವಾರು ಸಿದ್ಧವಾಗುವುವು. ಒಂದು ಯೂನಿಟ್ಟಿಗೆ ಸುಮಾರು ಮುಕ್ಕಾಲು ಕಿಲೋಗ್ರಾಂ ಕಲ್ಲಿದ್ದಲು ಉರಿಯುವುದು. ಭಾರತದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಬೂದಿ. ಬೆಳಕು ದೂರದ ಊರುಗಳಿಗೂ ಹಂಚಿಹೋಗುತ್ತದೆ. ಬೂದಿ ರಾಯಚೂರಿನಲ್ಲಿಯೇ ಬೀಳುತ್ತದೆ. ರಾಜ್ಯದ ಸರಾಸರಿಯು ಈ ಹಂಚಿಕೆಯನ್ನು ತೋರಿಸಲಾರದು.

೬. ಉಪಸಂಹಾರ

ಇಷ್ಟರಿಂದ ವಿದಿತವಾಗುವುದೇನೆಂದರೆ, ನವೀಕರಿಸಬಹುದಾದ ಶಕ್ತಿಯ ಯಾವ ಅಂಕಿಯನ್ನು ಓದುವಾಗಲೂ ಮೂರು ಪ್ರಶ್ನೆಗಳನ್ನು ಕೇಳಬೇಕು: ಯಾವುದನ್ನು ಈ ವರ್ಗದಲ್ಲಿ ಸೇರಿಸಿದೆ? ಎಣಿಸಿರುವುದು ಸಾಮರ್ಥ್ಯವನ್ನೋ ಉತ್ಪಾದನೆಯನ್ನೋ ಬಳಕೆಯನ್ನೋ? ಅದು ಅಳೆದದ್ದೋ ಅಂದಾಜೋ? ೨೦೩೦ರೊಳಗೆ ೫ ಲಕ್ಷ ಮೆಗಾವಾಟ್ ಪಳೆಯುಳಿಕೆಯೇತರ ಸಾಮರ್ಥ್ಯವೆಂಬ ರಾಷ್ಟ್ರದ ಗುರಿಯೂ ಸಾಮರ್ಥ್ಯವನ್ನೇ ಕುರಿತದ್ದು. ಆ ಗುರಿ ಪೂರ್ಣವಾಗಿ ಈಡೇರಿದರೂ, ಬಿಸಿಲಿಳಿದ ಮೇಲೆ ವಿದ್ಯುತ್ತನ್ನು ಕೂಡಿಡುವ ಉಪಾಯವು ಸಾಲದೆ ಇರುವಷ್ಟು ಕಾಲವೂ ಶಕ್ತಿನಗರದ ಚಿಮಣಿಗಳಿಗೆ ಸಂಜೆಯ ಕೆಲಸ ತಪ್ಪದು. ಇದನ್ನು ವಿದ್ಯಾರ್ಥಿಗಳಿಗೆ ತಿಳಿಯಹೇಳಲು ಗಣಿತದ ವಿಶೇಷ ಪರಿಶ್ರಮವೇನೂ ಬೇಕಿಲ್ಲ. ಅಂಕಿಯ ಪಕ್ಕದಲ್ಲಿರುವ ಪದವನ್ನು, ಕಾವ್ಯದ ಪದವನ್ನು ನೋಡುವಷ್ಟೇ ಎಚ್ಚರದಿಂದ ನೋಡುವ ಅಭ್ಯಾಸವಿದ್ದರೆ ಸಾಕು.