ನಿಮಗಿದು ಗೊತ್ತೆ? ಮೀನಿನ ತೂಕಕ್ಕೆ ಮೇವೇ ಮೂಲ

ಸೊಲ್ಲಾಪುರ ಜಿಲ್ಲೆಯಲ್ಲಿ ಭೀಮೆಗೆ ಕಟ್ಟಿದ ಉಜನಿ ಜಲಾಶಯವಿದೆ. ಕಾಟ್ಲಾ, ರೋಹು ಅಲ್ಲಿ ಸಿಗುವ ಮೀನುಗಳು. ಹೊಂಡದಲ್ಲಿ ಇವನ್ನು ಸಾಕುವವರು ಶೇಂಗಾ ಹಿಂಡಿ, ಅಕ್ಕಿ ತೌಡು ಸಮಸಮ ಬೆರೆಸಿ, ತೂತಿನ ಚೀಲದಲ್ಲಿ ತುಂಬಿ ನೀರಿಗೆ ಇಳಿಬಿಡುತ್ತಾರೆ. ಮೀನು ಚೀಲಕ್ಕೆ ಬಾಯಿಟ್ಟು ಮೆಲ್ಲುತ್ತದೆ, ಮೇವು ಪೋಲಾಗದು.

ಬೆಳೆಯುವ ರೋಹುವಿಗೆ ಮೇವಿನಲ್ಲಿ ಸುಮಾರು ಶೇ 30 ಪ್ರೋಟೀನ್ ಸಾಕು. ಕ್ಯಾವಿಯರ್‌ಗೆ ಹೆಸರಾದ, ತಂಪು ನೀರಿನ ಸ್ಟರ್ಜನ್‌ಗೆ ಸುಮಾರು ಶೇ 40 ಬೇಕು. ಅದು ಮಾಂಸಾಹಾರಿ, ಹಿಟ್ಟಿನಂಶ ಅದಕ್ಕೆ ಸರಿಯಾಗಿ ಅರಗದು. ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಧಾರಾಳವಾಗಿದ್ದರೂ ಬೆಳವಣಿಗೆಗೆ ಬೇಕಾದ ಲೈಸಿನ್, ಮೆಥಿಯೋನಿನ್ ಕಡಿಮೆ. ಸ್ವಲ್ಪ ಮೀನುಪುಡಿ ಬೆರೆಸಿದರೆ ಆ ಕೊರತೆ ನೀಗುತ್ತದೆ.

ಬೂಸ್ಟು ಹಿಡಿದ ಹಿಂಡಿಯನ್ನು ಮಾತ್ರ ಹಾಕಲೇಬೇಡಿ: ಅದರಲ್ಲಿನ ಅಫ್ಲಾಟಾಕ್ಸಿನ್ ವಿಷ ಮೀನಿನ ಯಕೃತ್ತನ್ನೇ ಕೆಡಿಸುತ್ತದೆ.