ಸ್ಟೇಡಿಯಂ ಗೊತ್ತು, ಚಿನ್ನಸ್ವಾಮಿ ಗೊತ್ತೇ?

'ಇವತ್ತು ಚಿನ್ನಸ್ವಾಮೀಲಿ ಮ್ಯಾಚು' ಅನ್ನೋರು ಬಸ್ಸಿನ ತುಂಬಾ ಸಿಗ್ತಾರೆ. ಆ ಚಿನ್ನಸ್ವಾಮಿ ಮಂಡ್ಯದವರು ಎಂದರೆ ಹುಬ್ಬೇರಿಸುವವರೇ ಹೆಚ್ಚು.

1900ರಲ್ಲಿ ಇಲ್ಲೇ ಹುಟ್ಟಿದ ಎಂ. ಚಿನ್ನಸ್ವಾಮಿಯವರು ವೃತ್ತಿಯಲ್ಲಿ ವಕೀಲರು. ಜೀವ ಮಾತ್ರ ಕ್ರಿಕೆಟ್ಟಿನಲ್ಲಿ. ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾಗಿ ದಶಕಗಳ ಕಾಲ ದುಡಿದರು. ಸಂಸ್ಥೆಗೆ ಸ್ವಂತ ಮೈದಾನ ಆಗಲೇಬೇಕೆಂದು ಮುಂದೆ ನಿಂತವರು ಅವರೇ. 1970ರಲ್ಲಿ ಅಡಿಗಲ್ಲು ಬಿತ್ತು. 1974ರ ನವೆಂಬರಿನಲ್ಲಿ, ಕಟ್ಟಡದ ಕೆಲಸ ಇನ್ನೂ ಬಾಕಿ ಇರುವಾಗಲೇ, ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್ ನಡೆದೇ ಹೋಯಿತು. ರಿಚರ್ಡ್ಸ್, ಗ್ರೀನಿಡ್ಜ್ ಟೆಸ್ಟಿಗೆ ಕಾಲಿಟ್ಟದ್ದು ಅಲ್ಲಿಯೇ. 1977ರಿಂದ 1980ರವರೆಗೆ ಅವರು ಭಾರತ ಕ್ರಿಕೆಟ್ ಮಂಡಳಿಯ ಅಧ್ಯಕ್ಷರು. 1991ರಲ್ಲಿ ತೀರಿಕೊಂಡರು.

ರನ್ ಹೊಡೆದವರ ಹೆಸರು ಸ್ಕೋರ್ ಬೋರ್ಡಿಗೆ, ಕಟ್ಟಿಸಿದವರ ಹೆಸರು ಅಂಗಳಕ್ಕೆ. ಹೆಸರೇನೋ ಉಳಿಯಿತು, ಮನುಷ್ಯನನ್ನು ಮಂಡ್ಯದವರಾದರೂ ನೆನೆಯಬೇಡವೇ?