ಮೊಣಕಾಲಿನ ಗುಳಿಗೆ ಕಣ್ಣಿಗೆ ಬಂತು

ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಮೊಣಕಾಲು ಹಿಡಿದರೆ, ದಮ್ಮು ಎದ್ದರೆ, ಮೈ ತುರಿಸಿದರೆ ಮಂದಿ ಮೊದಲು ಹೋಗುವುದು ಔಷಧದ ಅಂಗಡಿಗೆ. ‘ಜಲ್ದಿ ಆರಾಮ ಆಗೂದು ಕೊಡ್ರಿ’ ಅಂದರೆ ಬಿಡಿ ಗುಳಿಗೆಗಳ ಪುಡಿಕೆ ಕೈಗೆ ಬರುತ್ತದೆ. ಎರಡೇ ದಿನದಲ್ಲಿ ನೋವು ಮಾಯ. ಇಂಥ ಪುಡಿಕೆಯಲ್ಲಿ ಎಷ್ಟೋ ಸಲ ಇರುವುದು ಸ್ಟಿರಾಯ್ಡ್. ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ, ಆದರೂ ಮಾರುತ್ತಾರೆ.

ಸ್ಟಿರಾಯ್ಡ್ ಕೆಟ್ಟ ಔಷಧವಲ್ಲ. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಕೀಲುವಾತದ ರೋಗಿಗಳಿಗೆ ಕಾರ್ಟಿಸೋನ್ ಕೊಟ್ಟಾಗ ಎದ್ದು ಅಡ್ಡಾಡಲಾರದವರು ಅಡ್ಡಾಡಿದರು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ದಮ್ಮಿನವರ ಜೀವವನ್ನು ಇಂದಿಗೂ ಅದೇ ಉಳಿಸುತ್ತದೆ. ಅಪಾಯ ಇರುವುದು ಹೇಳಕೇಳುವವರಿಲ್ಲದೆ ತಿಂಗಳುಗಟ್ಟಲೆ ನುಂಗುವುದರಲ್ಲಿ.

ಅಡತಿ ಅಂಗಡಿ ಇಟ್ಟಿರುವ ನಮ್ಮ ದೊಡ್ಡಪ್ಪನ ಮಗ, ನಲವತ್ತೈದರ ಆಸುಪಾಸಿನವ, ಮೊಣಕಾಲ ನೋವಿಗೆ ನಾಲ್ಕು ತಿಂಗಳು ಇಂಥ ಗುಳಿಗೆ ನುಂಗಿದ. ಒಂದು ದಿನ ನನಗೆ ಹೇಳಿದ: ‘ತಮ್ಮಾ, ಕಿರ್ದಿ ಬುಕ್ಕಿನ ಗೆರಿ ಸೊಟ್ಟ ಕಾಣಾಕತ್ತಾವ. ನಡುವಿನ ಅಂಕಿ ಮಸುಕ ಆಗ್ಯಾವ. ಚಾಳೀಸು ಬದಲಿ ಮಾಡ್ಬೇಕೇನೋ.’ ನಾನು ಅವನನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಮರಾಠಿಯಲ್ಲಿ, ಯಾವ ಔಷಧ ತೊಗೊಳ್ತೀರಿ ಎಂದು ಕೇಳಿದರು. ‘ನೋವಿನ ಗುಳಿಗಿ’ ಅಂದ, ಹೆಸರು ಗೊತ್ತಿರಲಿಲ್ಲ. ಜೇಬಿನಲ್ಲಿದ್ದ ಪಟ್ಟಿ ತೋರಿಸಿದಾಗ ಡೆಕ್ಸಾಮೆಥಾಸೋನ್ ಎಂದು ತಿಳಿಯಿತು.

ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪರದೆಯೇ ಅಕ್ಷಿಪಟಲ, ಅಂದರೆ ರೆಟಿನಾ. ಅದರ ಕೆಳಗಿನ ರಕ್ತನಾಳಗಳ ಪದರದಿಂದ ನೀರು ಜಿನುಗಿ, ನಟ್ಟನಡುವೆ ಪರದೆ ಗುಳ್ಳೆಯಂತೆ ಮೇಲೇಳುತ್ತದೆ. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ನೆಟ್ಟಗಿನ ಗೆರೆ ಬಾಗುತ್ತದೆ, ಬಣ್ಣ ಮಾಸುತ್ತದೆ, ನಡುವೆ ಬೂದು ಚುಕ್ಕೆ ಕೂಡುತ್ತದೆ. 1866ರಲ್ಲೇ ಜರ್ಮನಿಯ ಫಾನ್ ಗ್ರೇಫೆ ಈ ಕಾಯಿಲೆ ವಿವರಿಸಿದ್ದರು. ದುಡಿಯುವ ವಯಸ್ಸಿನ ಗಂಡಸರಲ್ಲಿ ಇದು ಹೆಚ್ಚು. ಸ್ಟಿರಾಯ್ಡ್ ಬಳಸುವವರಿಗೆ ಅಪಾಯ ಇನ್ನೂ ಜಾಸ್ತಿ. ಗುಳಿಗೆಯೊಂದೇ ಅಲ್ಲ, ಕೀಲಿಗೆ ಚುಚ್ಚುವ ಸೂಜಿ, ಮೂಗಿನ ಸ್ಪ್ರೇ, ತುರಿಕೆಯ ಮುಲಾಮು ಬಳಸಿದವರಲ್ಲೂ ಕಂಡುಬಂದಿದೆ. ಸಕ್ಕರೆ ಕಾಯಿಲೆ ಏರುವುದು, ಕಣ್ಣಿನ ಪೊರೆ, ಗ್ಲಾಕೋಮಾ ಇವು ಬೇರೆ.

ಸಮಾಧಾನದ ಮಾತೆಂದರೆ, ಬೇಗ ಗೊತ್ತಾಗಿ ಸ್ಟಿರಾಯ್ಡ್ ನಿಲ್ಲಿಸಿದರೆ ಬಹಳ ಮಂದಿಗೆ ಮೂರು ನಾಲ್ಕು ತಿಂಗಳಲ್ಲಿ ನೀರು ತಾನೇ ಇಂಗುತ್ತದೆ. ನಮ್ಮಣ್ಣನಿಗೂ ಹಾಗೇ ಆಯಿತು. ಮತ್ತೆ ಮತ್ತೆ ಬಂದರೆ, ನೀರು ಬಹಳ ದಿನ ನಿಂತರೆ ದೃಷ್ಟಿ ಕಾಯಂ ಆಗಿ ಕುಂದಬಹುದು.

ಆದರೆ ಇದನ್ನು ಓದಿ ಯಾರೂ ಗುಳಿಗೆಯನ್ನು ಒಮ್ಮೆಲೇ ಬಿಡಬಾರದು. ಬಹಳ ದಿನ ನುಂಗಿದವರಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ. ಥಟ್ಟನೆ ಬಿಟ್ಟರೆ ಜೀವಕ್ಕೇ ಕುತ್ತು. ಡಾಕ್ಟರ ಹೇಳಿಕೆಯಂತೆ ಹಂತಹಂತವಾಗಿ ಇಳಿಸಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದು ಕಣ್ಣು ಮುಚ್ಚಿ ಕ್ಯಾಲೆಂಡರಿನ ಚೌಕ ಮನೆಗಳನ್ನು ನೋಡಿ, ಆಮೇಲೆ ಇನ್ನೊಂದು ಕಣ್ಣಿನಿಂದ ನೋಡಿ. ಗೆರೆ ಬಾಗಿದಂತೆ ಕಂಡರೆ ಚಾಳೀಸಿನ ಅಂಗಡಿಗಲ್ಲ, ಕಣ್ಣಿನ ಡಾಕ್ಟರ ಬಳಿ ಹೋಗಿ. ಕನ್ನಡವೋ ಮರಾಠಿಯೋ, ಬಂದ ಭಾಷೆಯಲ್ಲಿ ಹೇಳಿ. ನುಂಗಿದ್ದು, ಹಚ್ಚಿದ್ದು, ಚುಚ್ಚಿಸಿಕೊಂಡದ್ದು ಎಲ್ಲದರ ಪಟ್ಟಿ, ಡಬ್ಬಿ, ಚೀಟಿ ಮಾತ್ರ ಜೊತೆಗಿರಲಿ.